ಅರ್ಧವಿರಾಮ ಎಲ್ಲಿ ಬರಬೇಕು? ಕ್ರಿಯಾಪದವನ್ನೇ ಕೇಳಿ

ಮುಂಬಯಿಯಲ್ಲಿ ಬೆಳೆಯುವ ಕನ್ನಡದ ಮಗು ಅರ್ಧವಿರಾಮವನ್ನು (;), ಅಂದರೆ ಇಂಗ್ಲಿಷಿನ ಸೆಮಿಕೋಲನ್ ಅನ್ನು, ಮೂರು ಸಲ ಕಲಿಯುತ್ತದೆ. ಮೂರು ಸಲವೂ ನಿಯಮ ಬೇರೆ. ಮರಾಠಿ ತರಗತಿಯಲ್ಲಿ, ಎರಡು ಚಿಕ್ಕ ವಾಕ್ಯಗಳನ್ನು ‘ಆದರೆ’ ಎಂಬರ್ಥದ ‘ಪಣ್’ನಂತಹ ಪದವೊಂದು ಜೋಡಿಸಿದಾಗ ಆ ಪದದ ಹಿಂದೆ ಅರ್ಧವಿರಾಮ ಹಾಕಬೇಕು ಎಂದು ಹೇಳಿಕೊಡುತ್ತಾರೆ. ಇಂಗ್ಲಿಷ್ ತರಗತಿಯಲ್ಲಿ ಪಾಠ ತಿರುಗುಮುರುಗಾಗುತ್ತದೆ. ‘ಆ್ಯಂಡ್’, ‘ಬಟ್’ ಇದ್ದರೆ ಅಲ್ಪವಿರಾಮ ಸಾಕು, ಅವು ಇಲ್ಲದಿದ್ದಾಗಲೇ ಸೆಮಿಕೋಲನ್ ಬೇಕಾಗುವುದು ಎನ್ನುತ್ತದೆ ಆ ಪುಸ್ತಕ. ಕನ್ನಡ ವ್ಯಾಕರಣಕ್ಕೆ ಬಂದರೆ ಅಲ್ಲಿ ಮೂರನೆಯ ವಿವರಣೆ: ಅನೇಕ ಉಪವಾಕ್ಯಗಳು ಒಂದು ಪ್ರಧಾನ ವಾಕ್ಯಕ್ಕೆ ಅಧೀನವಾಗಿದ್ದಾಗ, ಉಪವಾಕ್ಯ ಮುಗಿದಾಗಲೆಲ್ಲ ಅರ್ಧವಿರಾಮ.

ಈ ಮೂರನ್ನೂ ತಲೆಯಲ್ಲಿಟ್ಟುಕೊಂಡು ಬೆಳೆದವರು ಮುಂದೆ ಸಂಘದ ವಾರ್ಷಿಕ ವರದಿಯನ್ನೋ ಸ್ಮರಣ ಸಂಚಿಕೆಗೊಂದು ಲೇಖನವನ್ನೋ ಬರೆಯುವಾಗ ಅರ್ಧವಿರಾಮದ ಗೊಡವೆಗೇ ಹೋಗುವುದಿಲ್ಲ. ಕರಡಚ್ಚು ತಿದ್ದುವ ನನಗೆ ಇದು ದಿನವೂ ಕಾಣುವ ನೋಟ. ಐದು ಸಾಲಿನ ಉದ್ದಕ್ಕೂ ಅಲ್ಪವಿರಾಮಗಳು, ಕೊನೆಯಲ್ಲೊಂದು ಪೂರ್ಣವಿರಾಮ. ಎಲ್ಲಿ ಒಂದು ಮಾತು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂಬುದನ್ನು ಓದುವವರೇ ಹುಡುಕಿಕೊಳ್ಳಬೇಕು. ಇದನ್ನು ಬರೆಯುವವರ ಅಸಡ್ಡೆ ಎನ್ನಲು ನನಗೆ ಮನಸ್ಸಿಲ್ಲ. ಮೂರು ಭಾಷೆಗಳ ನಿಯಮಗಳಲ್ಲಿ ಕನ್ನಡದ ವಾಕ್ಯಕ್ಕೆ ಯಾವುದು ಒಗ್ಗುತ್ತದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೇ. ಬಿಡಿಸಿ ಹೇಳುವುದು ಕಷ್ಟವೂ ಅಲ್ಲ. ಕನ್ನಡದಲ್ಲಿ ಎರಡು ಸ್ವತಂತ್ರ ವಾಕ್ಯಗಳ ನಡುವೆ ಅರ್ಧವಿರಾಮ ಬರಬಹುದೇ ಎಂಬುದನ್ನು ನಿರ್ಧರಿಸುವುದು ಅದರ ಹಿಂದೆ ನಿಂತಿರುವ ಕ್ರಿಯಾಪದ. ಅದು ಮುಗಿದಿದ್ದರೆ ಬರಬಹುದು. ಮುಗಿದಿಲ್ಲದಿದ್ದರೆ ಬರಕೂಡದು.

‘ಮುಗಿದಿದೆ’ ಎಂದರೇನು ಎಂಬಲ್ಲಿಂದ ಶುರು ಮಾಡೋಣ. ‘ಬಂದನು’, ‘ಬರುತ್ತಾಳೆ’, ‘ಬಂದಿದ್ದಾರೆ’, ‘ಬರಲಿಲ್ಲ’, ‘ಬನ್ನಿ’, ‘ಬರಬೇಕು’ ಇವೆಲ್ಲ ಪೂರ್ಣ ಕ್ರಿಯಾಪದಗಳು. ಇವುಗಳ ನಂತರ ಏನೂ ಬರೆಯದಿದ್ದರೂ ಓದುವವರು ಮುಂದೇನು ಎಂದು ಕಾಯುವುದಿಲ್ಲ. ‘ಬಂದು’, ‘ಬರುತ್ತಾ’, ‘ಬಂದರೆ’, ‘ಬಂದರೂ’, ‘ಬಂದಾಗ’, ‘ಬರಲು’, ‘ಬಾರದೆ’ ಇವು ಅಪೂರ್ಣ. ಇವು ಓದುಗರ ಕೈ ಹಿಡಿದು ಮುಂದಕ್ಕೆ ಎಳೆಯುತ್ತವೆ. ಹೀಗೆ ಎಳೆಯುವ ಪದದ ನಂತರ ಅರ್ಧವಿರಾಮ ಹಾಕಿದರೆ ಭಾಷೆ ‘ನಡೆ’ ಎನ್ನುತ್ತದೆ, ಚಿಹ್ನೆ ‘ನಿಲ್ಲು’ ಎನ್ನುತ್ತದೆ.

‘ದಾದರ್‌ನಲ್ಲಿ ಗಾಡಿ ಬದಲಿಸಿ; ಮಾಟುಂಗಾಕ್ಕೆ ಬಂದೆ.’

ಇದು ತಪ್ಪು. ‘ಬದಲಿಸಿ’ ಇನ್ನೂ ಮುಗಿದಿಲ್ಲ. ಇಲ್ಲಿ ಅಲ್ಪವಿರಾಮ ಸಾಕು, ಇಲ್ಲದಿದ್ದರೂ ನಡೆಯುತ್ತದೆ. ಇನ್ನೊಂದು ತೊಡಕೂ ಈ ವಾಕ್ಯದಲ್ಲಿದೆ. ‘ಬದಲಿಸಿ’ ಎಂಬುದು ‘ನೀವು ಬದಲಿಸಿ’ ಎಂಬ ಆಜ್ಞೆಯೂ ಆಗಬಲ್ಲುದು. ಅರ್ಧವಿರಾಮ ಬಿದ್ದ ಕೂಡಲೇ ಓದುಗರ ಮನಸ್ಸು ಆ ಅರ್ಥದ ಕಡೆಗೆ ವಾಲುತ್ತದೆ. ಹಾಗೆ ವಾಲುವುದೇ ಬೇಕಾಗಿರುವ ವಾಕ್ಯಗಳೂ ಇವೆ:

‘ದಾದರ್‌ನಲ್ಲಿ ಗಾಡಿ ಬದಲಿಸಿ; ಮಾಟುಂಗಾದಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲ.’

ಇದು ಸರಿ. ಪದ ಅದೇ, ಚಿಹ್ನೆಯೂ ಅದೇ. ಆದರೆ ಇಲ್ಲಿ ‘ಬದಲಿಸಿ’ ಮುಗಿದ ಕ್ರಿಯೆ, ಎದುರಿನವರಿಗೆ ಕೊಟ್ಟ ಸೂಚನೆ. ಅರ್ಧವಿರಾಮದ ನಂತರ ಆ ಸೂಚನೆಗೆ ಕಾರಣ ಬರುತ್ತದೆ.

ಪರೀಕ್ಷೆ ಸುಲಭ. ಅರ್ಧವಿರಾಮ ಹಾಕಬೇಕೆನಿಸಿದಲ್ಲಿ ಪೂರ್ಣವಿರಾಮ ಹಾಕಿ, ಎರಡು ತುಂಡುಗಳನ್ನೂ ಬೇರೆ ಬೇರೆಯಾಗಿ ಗಟ್ಟಿಯಾಗಿ ಓದಿ. ಎರಡೂ ತಮ್ಮ ಕಾಲ ಮೇಲೆ ನಿಂತರೆ ಅರ್ಧವಿರಾಮಕ್ಕೆ ಅರ್ಹತೆ ಇದೆ. ಒಂದು ಕುಂಟಿದರೂ ಇಲ್ಲ.

ಇಂಗ್ಲಿಷ್‌ನ ನಿಯಮವನ್ನು ಕಣ್ಣುಮುಚ್ಚಿ ತಂದುಕೊಂಡವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಕ್ರಿಯಾಪದವಿಲ್ಲದೆ ಅಲ್ಲಿ ಸ್ವತಂತ್ರ ವಾಕ್ಯವಿಲ್ಲ. ಕನ್ನಡದಲ್ಲಿ ಕ್ರಿಯಾಪದವೇ ಇಲ್ಲದ ವಾಕ್ಯ ದಂಡಿಯಾಗಿ ಸಿಗುತ್ತದೆ, ಮತ್ತು ಅದು ಸಂಪೂರ್ಣ ವಾಕ್ಯ. ‘ಅಣ್ಣ ಬ್ಯಾಂಕಿನಲ್ಲಿ ಗುಮಾಸ್ತ.’ ಇದಕ್ಕೆ ಏನನ್ನೂ ಸೇರಿಸಬೇಕಾಗಿಲ್ಲ. ಆದ್ದರಿಂದ ‘ಅಣ್ಣ ಬ್ಯಾಂಕಿನಲ್ಲಿ ಗುಮಾಸ್ತ; ತಮ್ಮ ಹೋಟೆಲಿನಲ್ಲಿ ಮ್ಯಾನೇಜರ್’ ಎಂದು ಬರೆದರೆ ವ್ಯಾಕರಣಕ್ಕೆ ಎಲ್ಲೂ ಪೆಟ್ಟಿಲ್ಲ. ಎರಡು ಬದುಕುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಲು ಇದಕ್ಕಿಂತ ಅಚ್ಚುಕಟ್ಟಾದ ದಾರಿ ನನಗೆ ಕಾಣದು. ‘ಕ್ರಿಯಾಪದ ಎಲ್ಲಿ?’ ಎಂದು ಇಂಥ ವಾಕ್ಯಕ್ಕೆ ‘ಆಗಿದ್ದಾನೆ’ಗಳನ್ನು ತುರುಕುವವರನ್ನು ನೋಡಿದ್ದೇನೆ, ಅದು ಕನ್ನಡಕ್ಕೆ ಬೇಡದ ಭಾರ.

ಇದಕ್ಕೆ ವ್ಯತಿರಿಕ್ತವಾಗಿ, ಪೂರ್ಣ ಕ್ರಿಯಾಪದ ಕಣ್ಣಿಗೆ ಕಂಡರೂ ವಾಕ್ಯ ಮುಗಿಯದ ಸಂದರ್ಭಗಳಿವೆ. ‘ಎಂದು’ ಎಂಬ ಪದ ಅದರಲ್ಲಿ ಮುಖ್ಯವಾದದ್ದು. ‘ಕಾರ್ಯಕ್ರಮ ಐದಕ್ಕೆ ಶುರುವಾಗುತ್ತದೆ ಎಂದು ಕಾರ್ಯದರ್ಶಿ ತಿಳಿಸಿದ್ದಾರೆ’ ಎಂಬಲ್ಲಿ ‘ಶುರುವಾಗುತ್ತದೆ’ ಮುಗಿದ ಪದದಂತೆ ಕಂಡರೂ ‘ಎಂದು’ ಅದನ್ನು ತನ್ನೊಳಗೆ ಎಳೆದುಕೊಂಡಿದೆ. ಅವೆರಡರ ನಡುವೆ ಯಾವ ಚಿಹ್ನೆಯೂ ಬೇಡ. ಆದರೆ ‘ಎಂದು’ವಿನ ಒಳಗೆ ಎರಡು ಮಾತುಗಳಿದ್ದರೆ ಏನು ಮಾಡುವುದು? ‘ಕಾರ್ಯಕ್ರಮ ಐದಕ್ಕೆ ಶುರುವಾಗುತ್ತದೆ; ಊಟ ಎಂಟಕ್ಕೆ ಎಂದು ಕಾರ್ಯದರ್ಶಿ ತಿಳಿಸಿದ್ದಾರೆ’ ಎಂದು ಬರೆದರೆ ಕಾರ್ಯದರ್ಶಿ ಎರಡನ್ನೂ ತಿಳಿಸಿದರೋ, ಊಟದ ಸಮಯವನ್ನಷ್ಟೇ ತಿಳಿಸಿದರೋ ಸ್ಪಷ್ಟವಾಗುವುದಿಲ್ಲ. ಇಂಥಲ್ಲಿ ಉದ್ಧರಣ ಚಿಹ್ನೆ ಹಾಕಿ ಅವರ ಮಾತನ್ನು ಒಟ್ಟಾಗಿ ಕಟ್ಟಬೇಕು, ಇಲ್ಲವೇ ವಾಕ್ಯವನ್ನು ತಿರುಗಿಸಿ ಬರೆಯಬೇಕು. ಪತ್ರಿಕೆಗೆ ವರದಿ ಬರೆಯುವವರು ಈ ಒಂದು ಜಾಗದಲ್ಲಿ ತುಸು ನಿಂತು ಯೋಚಿಸಿದರೆ, ಯಾರು ಏನು ಹೇಳಿದರು ಎಂಬ ಗೊಂದಲ ಎಷ್ಟೋ ಕಡಿಮೆಯಾಗುತ್ತದೆ.

‘ಯಾರು ಮೊದಲು ಬರುತ್ತಾರೋ ಅವರಿಗೆ ಮುಂದಿನ ಸಾಲು’ ಎಂಬಂತಹ ವಾಕ್ಯಗಳೂ ಇದೇ ಗುಂಪಿಗೆ ಸೇರುತ್ತವೆ. ಕ್ರಿಯಾಪದದ ಕೊನೆಯ ‘ಓ’ಕಾರ ಮುಂದಿನ ‘ಅವರಿಗೆ’ಯನ್ನು ಕಾಯುತ್ತದೆ. ಕಾಯುವ ಕಡೆ ಅರ್ಧವಿರಾಮ ಸಲ್ಲ.

ಒಂದೇ ಕ್ರಿಯಾಪದವನ್ನು ಎರಡು ಭಾಗಗಳು ಹಂಚಿಕೊಳ್ಳುವ ಸಂದರ್ಭದಲ್ಲಿ ಕನ್ನಡ ಇಂಗ್ಲಿಷ್‌ಗೆ ಬೆನ್ನು ತಿರುಗಿಸಿ ನಿಲ್ಲುತ್ತದೆ. ಇಂಗ್ಲಿಷ್‌ನಲ್ಲಿ ಕ್ರಿಯಾಪದ ಮೊದಲ ಭಾಗದಲ್ಲಿ ಬಂದುಬಿಡುತ್ತದೆ, ಎರಡನೆಯದರಲ್ಲಿ ಬಿಟ್ಟುಹೋಗುತ್ತದೆ. ಹಾಗಾಗಿ ಅಲ್ಲಿ ನಡುವೆ ಸೆಮಿಕೋಲನ್ ಹಾಕುವ ವಾಡಿಕೆಯಿದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಬಿಟ್ಟುಹೋಗುವುದು ಮೊದಲ ಭಾಗದಲ್ಲಿ. ‘ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ, ಮೈಸೂರು ಅಸೋಸಿಯೇಷನ್ 1926ರಲ್ಲಿ ಮುಂಬಯಿಯಲ್ಲಿ ಆರಂಭವಾದವು.’ ಇಲ್ಲಿ ‘1902ರಲ್ಲಿ’ ಎಂಬುದರ ನಂತರ ಅಲ್ಪವಿರಾಮವೇ ಸರಿ, ಏಕೆಂದರೆ ಅದರ ಕ್ರಿಯಾಪದ ಇನ್ನೂ ಬಂದಿಲ್ಲ. ಅದೇ ಸಂಗತಿಯನ್ನು ‘ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಆರಂಭವಾಯಿತು; ಮೈಸೂರು ಅಸೋಸಿಯೇಷನ್ 1926ರಲ್ಲಿ’ ಎಂದು ಬರೆದರೆ ಅರ್ಧವಿರಾಮ ಸಲ್ಲುತ್ತದೆ. ಎರಡನೆಯ ರೂಪದಲ್ಲಿ ಒಂದು ಒತ್ತು ಇದೆ, ಓದುಗರು ಎರಡು ಇಸವಿಗಳನ್ನು ಹೋಲಿಸಿ ನೋಡಲಿ ಎಂಬ ಆಸೆ ಇದೆ. ವರದಿಯ ಮಾಮೂಲಿ ಸಾಲಿಗೆ ಮೊದಲನೆಯದೇ ಸಹಜ.

ಕ್ರಿಯಾಪದಕ್ಕೆ ಇಷ್ಟು ಅಧಿಕಾರ ಇದ್ದುದರಿಂದಲೇ ನಮ್ಮ ಹಿರಿಯರು ವಿರಾಮಚಿಹ್ನೆಗಳಿಲ್ಲದೆ ಶತಮಾನಗಳ ಕಾಲ ಬರೆದರು. ತಾಳೆಗರಿಯ ಮೇಲೆ ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ಪದ್ಯದಲ್ಲಿ ಛಂದಸ್ಸು ಮತ್ತು ಪ್ರಾಸ ದಾರಿ ತೋರಿದವು, ಗದ್ಯದಲ್ಲಿ ಮುಗಿದ ಕ್ರಿಯಾಪದ ತೋರಿತು; ಮೇಲೆ ಒಂದು ದಂಡ, ಎರಡು ದಂಡ ಇದ್ದರೆ ಆಯಿತು. ಅರ್ಧವಿರಾಮ ಹುಟ್ಟಿದ್ದು ಬಹಳ ದೂರದಲ್ಲಿ, 1490ರ ದಶಕದ ವೆನಿಸ್ ನಗರದಲ್ಲಿ. ಮುದ್ರಕ ಆಲ್ಡಸ್ ಮನೂಶಿಯಸ್ ಪಿಯೆತ್ರೊ ಬೆಂಬೊ ಬರೆದ ಒಂದು ಚಿಕ್ಕ ಲ್ಯಾಟಿನ್ ಪುಸ್ತಕವನ್ನು ಅಚ್ಚು ಹಾಕುವಾಗ ಈ ಚಿಹ್ನೆಯನ್ನು ಬಳಸಿದ. ಅದರ ಅಚ್ಚುಮೊಳೆ ಕೊರೆದವನು ಫ್ರಾಂಚೆಸ್ಕೊ ಗ್ರಿಫೊ. ಅಲ್ಪವಿರಾಮಕ್ಕಿಂತ ಹೆಚ್ಚು, ಪೂರ್ಣವಿರಾಮಕ್ಕಿಂತ ಕಡಿಮೆ ನಿಲ್ಲಬೇಕಾದ ಜಾಗಕ್ಕೆ ಅವರಿಗೊಂದು ಗುರುತು ಬೇಕಿತ್ತು. ಗ್ರೀಕ್ ಬರಹದಲ್ಲಿ ಇದೇ ಆಕಾರ ಇಂದಿಗೂ ಪ್ರಶ್ನಾರ್ಥಕ ಚಿಹ್ನೆ.

ನಮ್ಮ ಕಡೆಗೆ ಇದು ಬಂದದ್ದು ಅಚ್ಚುಮೊಳೆಗಳ ಜೊತೆಯಲ್ಲಿ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ 1817ರಲ್ಲಿ ಅಚ್ಚಾಯಿತು. ಹರ್ಮನ್ ಮೊಗ್ಲಿಂಗ್ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಹೊರತಂದರು. ನಾವಿರುವ ಈ ನೆಲದಲ್ಲಿ ಮರಾಠಿಗೆ ಪಾಶ್ಚಾತ್ಯ ವಿರಾಮಚಿಹ್ನೆಗಳನ್ನು ಒಗ್ಗಿಸಿದ ಹೆಸರು ಪುಣೆಯಲ್ಲಿ ಕೆಲಸ ಮಾಡಿದ ಮೇಜರ್ ಥಾಮಸ್ ಕ್ಯಾಂಡಿಯದು, ಅದು 19ನೇ ಶತಮಾನದ ಮಧ್ಯಭಾಗದ ಮಾತು. ಅದಕ್ಕೆ ಮುಂಚಿನ ಮೋಡಿ ಲಿಪಿಯ ದಫ್ತರಗಳಲ್ಲಿ ಪದಗಳು ಬಿಡುವಿಲ್ಲದೆ ಒಂದಕ್ಕೊಂದು ಅಂಟಿಕೊಂಡು ಹರಿಯುತ್ತವೆ. ಇಂದು ಅದೇ ಪುಣೆಯಲ್ಲಿ, 1967ರಲ್ಲಿ ಸ್ಥಾಪನೆಯಾದ ಬಾಲಭಾರತಿ ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೂ ಪಠ್ಯಪುಸ್ತಕ ತಯಾರಿಸುತ್ತದೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಾಗಲಿ, ಜತ್ತ ಅಥವಾ ಅಕ್ಕಲಕೋಟೆಯ ಶಾಲೆಯಲ್ಲಾಗಲಿ ಕೂತ ಮಗುವಿನ ಪಾಟಿಚೀಲದಲ್ಲಿ ಕನ್ನಡ ಮತ್ತು ಮರಾಠಿ ಒಟ್ಟಿಗೇ ಇರುತ್ತವೆ. ಆದ್ದರಿಂದಲೇ ಇಲ್ಲಿನ ನಮಗೆ ಈ ಪ್ರಶ್ನೆ ಬೆಂಗಳೂರಿನವರಿಗಿಂತ ಹೆಚ್ಚು ಹತ್ತಿರದ್ದು.

ಸರಿ, ಎರಡೂ ಕಡೆ ಮುಗಿದ ವಾಕ್ಯಗಳಿವೆ. ಹಾಗೆಂದು ಎಲ್ಲ ಜೋಡಿಗಳ ನಡುವೆಯೂ ಅರ್ಧವಿರಾಮ ಹಾಕಬಹುದೇ? ಇಲ್ಲ. ಅವುಗಳಿಗೆ ಪರಸ್ಪರ ಸಂಬಂಧ ಇರಬೇಕು, ಮತ್ತು ಆ ಸಂಬಂಧವನ್ನು ಬಾಯಿಬಿಟ್ಟು ಹೇಳದೆ ಓದುಗರಿಗೆ ಬಿಡುವ ಮನಸ್ಸು ಬರೆಯುವವರಿಗೆ ಇರಬೇಕು. ಚಿಹ್ನೆಯ ಶಕ್ತಿ ಇರುವುದೇ ಅಲ್ಲಿ. ಜುಲೈ ತಿಂಗಳ ಒಂದು ಸಂಜೆಯ ಸಂಗತಿಯನ್ನು ನಾಲ್ಕು ರೀತಿಯಲ್ಲಿ ಬರೆದು ನೋಡೋಣ.

‘ಮಳೆ ನಿಂತರೂ ಹಳಿಯ ಮೇಲಿನ ನೀರು ಇಳಿಯಲಿಲ್ಲ.’

‘ಮಳೆ ನಿಂತಿತು, ಆದರೆ ಹಳಿಯ ಮೇಲಿನ ನೀರು ಇಳಿಯಲಿಲ್ಲ.’

‘ಮಳೆ ನಿಂತಿತು. ಹಳಿಯ ಮೇಲಿನ ನೀರು ಇಳಿಯಲಿಲ್ಲ.’

‘ಮಳೆ ನಿಂತಿತು; ಹಳಿಯ ಮೇಲಿನ ನೀರು ಇಳಿಯಲಿಲ್ಲ.’

ಮೊದಲನೆಯದು ಅಪ್ಪಟ ಕನ್ನಡದ ನಡೆ. ಮಳೆ ನಿಂತದ್ದು ಹಿನ್ನೆಲೆಗೆ ಸರಿದು, ನೀರು ಇಳಿಯದಿರುವುದೇ ಸುದ್ದಿಯಾಗುತ್ತದೆ. ಎರಡನೆಯದರಲ್ಲಿ ವಿರೋಧವನ್ನು ‘ಆದರೆ’ ತಾನೇ ಬೆರಳು ಮಾಡಿ ತೋರಿಸುತ್ತದೆ. ಮೂರನೆಯದರಲ್ಲಿ ಎರಡು ಸುದ್ದಿಗಳು. ಅವುಗಳ ನಡುವೆ ಒಂದು ಗಂಟೆ ಕಳೆದಿರಬಹುದು, ಹೇಳುವವರು ಬೇರೆ ಬೇರೆಯೇ ಇರಬಹುದು. ನಾಲ್ಕನೆಯದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ, ತೂಗಿ ನೋಡುವ ಕೆಲಸವನ್ನು ಕುರ್ಲಾ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಪಾಡು ಬಲ್ಲ ಓದುಗರಿಗೆ ಬಿಡುತ್ತದೆ. ವ್ಯಾಕರಣದ ದೃಷ್ಟಿಯಿಂದ ನಾಲ್ಕೂ ಸರಿ. ಯಾವುದು ಬೇಕು ಎಂಬುದನ್ನು ಸಂದರ್ಭ ಹೇಳುತ್ತದೆ. ‘-ರೂ’, ‘-ರೆ’, ‘-ಇ’ ಎಂಬ ಪ್ರತ್ಯಯಗಳಲ್ಲೇ ಜೋಡಣೆಯ ಕೆಲಸ ಮುಗಿಸಬಲ್ಲ ಭಾಷೆ ನಮ್ಮದು. ಆದ್ದರಿಂದ ಒಳ್ಳೆಯ ಕನ್ನಡ ಗದ್ಯದಲ್ಲಿ ಅರ್ಧವಿರಾಮ ಇಂಗ್ಲಿಷ್‌ನಷ್ಟು ಸಲ ಬೇಕಾಗುವುದಿಲ್ಲ. ಅದು ಬರಬೇಕಾದಲ್ಲಿ ಮಾತ್ರ ಬರಲಿ ಎಂದು ನಾನು ಹಟ ಹಿಡಿಯುವುದಕ್ಕೂ ಇದೇ ಕಾರಣ.

ಸಂಬಂಧ ಇದೆಯೋ ಇಲ್ಲವೋ ಎಂದು ತಿಳಿಯಲು ಎರಡು ವಾಕ್ಯಗಳ ನಡುವೆ ಒಂದು ಪ್ರಶ್ನೆಯನ್ನು ಇಟ್ಟು ನೋಡಬಹುದು: ‘ಏಕೆ?’, ‘ಹಾಗಾಗಿ?’, ‘ಮತ್ತೆ ಇನ್ನೊಬ್ಬರು?’ ಎಂಬಂತೆ. ‘ಭಾನುವಾರ ಮೆಗಾ ಬ್ಲಾಕ್ ಇದೆ; ಒಂದು ಗಂಟೆ ಮುಂಚೆ ಹೊರಡಿ’ ಎಂಬಲ್ಲಿ (ಮೆಗಾ ಬ್ಲಾಕ್ ಎಂದರೆ ಹಳಿ ದುರಸ್ತಿಗೆಂದು ಗಾಡಿಗಳನ್ನು ತಡೆಯುವುದು) ‘ಹಾಗಾಗಿ?’ ಎಂದು ಕೇಳಿದರೆ ಉತ್ತರ ಸಿಗುತ್ತದೆ. ‘ಗಣಪತಿ ಹಬ್ಬ ಮುಗಿಯಿತು; ನಮ್ಮ ಗ್ರಂಥಾಲಯದ ಸಮಯ ಬದಲಾಗಿದೆ’ ಎಂಬಲ್ಲಿ ಯಾವ ಪ್ರಶ್ನೆಯೂ ಕೂರುವುದಿಲ್ಲ. ಹಬ್ಬಕ್ಕೋಸ್ಕರ ಸಮಯ ಬದಲಿಸಿದ್ದರೆ ಅದನ್ನು ಹೇಳಬೇಕು. ಇಲ್ಲದಿದ್ದರೆ ಅವು ಎರಡು ಬೇರೆ ಸುದ್ದಿಗಳು, ನಡುವೆ ಪೂರ್ಣವಿರಾಮವೇ ಇರಲಿ.

ಇನ್ನು ‘ಆದರೆ’ಯ ಪ್ರಶ್ನೆ. ಮರಾಠಿ ಪಾಠ ಮತ್ತು ಇಂಗ್ಲಿಷ್ ಪಾಠ ಮುಖಾಮುಖಿಯಾಗುವುದು ಇಲ್ಲೇ. ಇಂಗ್ಲಿಷ್‌ನವರು ‘ಬಟ್’ಗೆ ಒಂದು ನಿಯಮ, ‘ಹೌಎವರ್’ಗೆ ಇನ್ನೊಂದು ನಿಯಮ ಇಟ್ಟುಕೊಂಡಿದ್ದಾರೆ. ‘ಬಟ್’ ಹಿಂದೆ ಅಲ್ಪವಿರಾಮ. ‘ಹೌಎವರ್’ ಹಿಂದೆ ಸೆಮಿಕೋಲನ್, ಮುಂದೆ ಅಲ್ಪವಿರಾಮ. ಕನ್ನಡದಲ್ಲಿ ಎರಡರ ಕೆಲಸವನ್ನೂ ‘ಆದರೆ’ ಒಂದೇ ಮಾಡುತ್ತದೆ. ಹಾಗಾಗಿ ಆ ಭೇದವನ್ನು ಇಲ್ಲಿಗೆ ತರುವುದರಲ್ಲಿ ಅರ್ಥವಿಲ್ಲ. ಮರಾಠಿಯ ಪದ್ಧತಿ ನಮಗೆ ಹೆಚ್ಚು ಹತ್ತಿರ, ಏಕೆಂದರೆ ಅಲ್ಲಿಯೂ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ವಾಕ್ಯ ಅಲ್ಲಿ ಮುಗಿಯುತ್ತದೆ, ಆಮೇಲೆ ‘ಪಣ್’ ಹೊಸ ಮಾತನ್ನು ಎತ್ತುತ್ತದೆ. ನಾನು ಪಾಲಿಸುವುದು ಹೀಗೆ: ಎರಡೂ ವಾಕ್ಯಗಳು ಚಿಕ್ಕವಿದ್ದರೆ ‘ಆದರೆ’ಯ ಹಿಂದೆ ಅಲ್ಪವಿರಾಮ. ಉದ್ದವಿದ್ದರೆ, ಅಥವಾ ಒಳಗೆ ಆಗಲೇ ಅಲ್ಪವಿರಾಮಗಳಿದ್ದರೆ, ಅರ್ಧವಿರಾಮ. ‘ಆದರೆ’ಯ ಮುಂದೆ ಮಾತ್ರ ಯಾವುದೂ ಬೇಡ. ‘ಆದರೆ, ಸಭೆ ನಡೆಯಿತು’ ಎಂದು ಬರೆಯುವ ಅಭ್ಯಾಸ ಇಂಗ್ಲಿಷ್‌ನಿಂದ ಹತ್ತಿದ್ದು; ಕನ್ನಡದ ಉಸಿರು ಅಲ್ಲಿ ನಿಲ್ಲುವುದಿಲ್ಲ.

‘ಆದರೆ’ಗೆ ನಮ್ಮಲ್ಲಿ ಇನ್ನೊಂದು ಮುಖವೂ ಇದೆ. ಅದು ‘ಆಗು’ ಧಾತುವಿನ ರೂಪವೂ ಹೌದು. ರೈಲು ನಿಲ್ದಾಣದ ಬಳಿ ಅವಸರದಲ್ಲಿ ಕಳುಹಿಸಿದ ಈ ಸಂದೇಶವನ್ನು ನೋಡಿ:

‘ಗಾಡಿ ರದ್ದು ಆದರೆ ಬಸ್ಸಿದೆ.’

ಗಾಡಿ ರದ್ದಾಗಿದೆಯೋ, ರದ್ದಾದ ಪಕ್ಷಕ್ಕೆ ಎಂದು ಹೇಳುತ್ತಿದ್ದಾರೋ? ಓದಿದವರು ನಿಲ್ದಾಣಕ್ಕೆ ಹೋಗಬೇಕೋ ಬಸ್ ಸ್ಟಾಪಿಗೆ ಹೋಗಬೇಕೋ ತಿಳಿಯುವುದಿಲ್ಲ. ವಾಕ್ಯಗಳು ಚಿಕ್ಕವಾದರೂ ಇಲ್ಲಿ ‘ಗಾಡಿ ರದ್ದು; ಆದರೆ ಬಸ್ಸಿದೆ’ ಎಂದು ಬರೆದರೆ ಸಂದೇಹ ಹರಿದುಹೋಗುತ್ತದೆ. ರದ್ದಾದ ಪಕ್ಷಕ್ಕೆ ಎಂಬ ಅರ್ಥ ಬೇಕಿದ್ದರೆ ‘ರದ್ದಾದರೆ’ ಎಂದು ಕೂಡಿಸಿ ಬರೆಯಬೇಕು. ಅರ್ಧವಿರಾಮ ಬರಿಯ ಅಲಂಕಾರ ಎನ್ನುವವರಿಗೆ ನಾನು ಈ ಒಂದು ವಾಕ್ಯವನ್ನು ತೋರಿಸುತ್ತೇನೆ.

‘ಆದ್ದರಿಂದ’, ‘ಹೀಗಾಗಿ’, ‘ಆದರೂ’, ‘ಅಲ್ಲದೆ’ ಇವುಗಳಿಗೂ ಇದೇ ನಡೆ ಅನ್ವಯಿಸುತ್ತದೆ. ‘ಊ’ಕಾರಗಳು ಜೋಡಿಯಾಗಿ ಬಂದಲ್ಲಿ ಅವೇ ಕಟ್ಟುವ ಕೆಲಸ ಮಾಡುತ್ತವೆ: ‘ಬಾಡಿಗೆಯೂ ಏರಿತು, ವಿದ್ಯುತ್ ಬಿಲ್ಲೂ ಏರಿತು’ ಎಂಬಲ್ಲಿ ಅಲ್ಪವಿರಾಮ ಧಾರಾಳವಾಗಿ ಸಾಕು.

ಶಾಲೆಯ ವ್ಯಾಕರಣ ಪುಸ್ತಕದ ವಿವರಣೆಗೆ ಮರಳಿ ಬರುತ್ತೇನೆ. ಉಪವಾಕ್ಯಗಳು ಪ್ರಧಾನ ವಾಕ್ಯಕ್ಕೆ ‘ಅಧೀನ’ವಾಗಿದ್ದಾಗ ಅರ್ಧವಿರಾಮ ಎಂದು ಅದು ಹೇಳುತ್ತದೆ. ವಾಕ್ಯ ಪ್ರಕಾರಗಳ ಪಾಠದಲ್ಲಿ ಅಧೀನ ಉಪವಾಕ್ಯಗಳಿರುವುದನ್ನು ಮಿಶ್ರ ವಾಕ್ಯವೆಂದೂ, ಸ್ವತಂತ್ರವಾಗಿ ನಿಲ್ಲಬಲ್ಲವು ಕೂಡಿದ್ದನ್ನು ಸಂಯೋಜಿತ ವಾಕ್ಯವೆಂದೂ ಕಲಿತಿರುತ್ತೇವೆ. ಹಾಗಾದರೆ ಅರ್ಧವಿರಾಮ ಮಿಶ್ರ ವಾಕ್ಯಕ್ಕೆ ಸೇರಿದ್ದೇ? ಕನ್ನಡದ ಅಧೀನ ವಾಕ್ಯ ಬಹುಮಟ್ಟಿಗೆ ಅಪೂರ್ಣ ಕ್ರಿಯೆಯಲ್ಲೋ ‘ಎಂದು’ವಿನಲ್ಲೋ ಕೊನೆಯಾಗುತ್ತದೆ; ಅಲ್ಲಿ ಅರ್ಧವಿರಾಮ ಸಲ್ಲದು ಎಂದು ಆಗಲೇ ಕಂಡೆವು. ಆ ವಿವರಣೆ ಸರಿಯಾಗಿ ಕೂರುವುದು ಇಂಥ ಕಡೆ:

‘ಹಳಿಯ ಮೇಲೆ ನೀರು ನಿಂತಿದೆ; ಬಸ್ಸುಗಳು ತುಂಬಿ ಹೋಗುತ್ತಿವೆ; ರಿಕ್ಷಾದವರು ಬರಲು ಒಪ್ಪುತ್ತಿಲ್ಲ; ಹೀಗಾಗಿ ಇಂದಿನ ತರಗತಿ ನಡೆಯುವುದಿಲ್ಲ.’

ನಾಲ್ಕೂ ಸ್ವತಂತ್ರ ವಾಕ್ಯಗಳೇ. ಆದರೆ ಅರ್ಥದಲ್ಲಿ ಮೊದಲ ಮೂರು ಕೊನೆಯದಕ್ಕೆ ಹೆಗಲು ಕೊಡುತ್ತಿವೆ. ‘ಅಧೀನ’ ಎಂಬುದನ್ನು ಅರ್ಥದ ಮಟ್ಟಿಗೆ ಹೀಗೆ ತೆಗೆದುಕೊಂಡರೆ ಪುಸ್ತಕದ ಮಾತಿಗೂ ಬಳಕೆಗೂ ಜಗಳವಿಲ್ಲ. ಪಾಠ ಮಾಡುವವರು ಇಷ್ಟನ್ನು ಸೇರಿಸಿ ಹೇಳಿದರೆ ಮಕ್ಕಳಿಗೆ ದೊಡ್ಡ ಉಪಕಾರವಾಗುತ್ತದೆ.

ಇಷ್ಟನ್ನೂ ಇಟ್ಟುಕೊಂಡು ಸಂಘಗಳ ವಾರ್ಷಿಕ ವರದಿಯಲ್ಲಿ ಬರುವಂಥ ಒಂದು ಸಾಲನ್ನು ತಿದ್ದೋಣ.

‘ಈ ವರ್ಷ ಸದಸ್ಯರ ಸಂಖ್ಯೆ ಹೆಚ್ಚಿದೆ, ಸಭಾಂಗಣದ ಬಾಡಿಗೆಯೂ ಹೆಚ್ಚಿದೆ, ವಾರ್ಷಿಕ ವಂತಿಗೆ ಮಾತ್ರ ಹಾಗೆಯೇ ಇದೆ, ಮುಂದಿನ ಮಹಾಸಭೆಯಲ್ಲಿ ಇದನ್ನು ಚರ್ಚಿಸಿ ನಿರ್ಧರಿಸಬೇಕು, ಯುವ ವಿಭಾಗದವರು ನಾಟಕ ಆಡಿದರು, ಅದು ಜನಮೆಚ್ಚುಗೆ ಪಡೆಯಿತು.’

ಆರು ಮುಗಿದ ಕ್ರಿಯಾಪದಗಳಿವೆ, ಐದು ಅಲ್ಪವಿರಾಮಗಳಿವೆ. ಮೊದಲು ವಿಷಯ ಬದಲಾಗುವ ಜಾಗ ಹುಡುಕಬೇಕು. ‘ನಿರ್ಧರಿಸಬೇಕು’ ಎಂಬಲ್ಲಿಗೆ ಹಣದ ಮಾತು ಮುಗಿದು ನಾಟಕದ ಮಾತು ಶುರುವಾಗುತ್ತದೆ. ಅಲ್ಲಿ ಪೂರ್ಣವಿರಾಮ ಬೇಕು, ಸಾಧ್ಯವಾದರೆ ಹೊಸ ಪ್ಯಾರಾ ಬೇಕು. ಹಣದ ಮಾತಿನೊಳಗೆ ಮೊದಲ ಎರಡು ವಾಕ್ಯಗಳು ಜೊತೆಗಾರರು, ‘ಬಾಡಿಗೆಯೂ’ ಎಂಬ ಊಕಾರ ಅವನ್ನು ಕಟ್ಟಿದೆ, ಅಲ್ಪವಿರಾಮ ಹಾಗೇ ಇರಲಿ. ಅವೆರಡಕ್ಕೂ ಎದುರಾಗಿ ನಿಂತದ್ದು ವಂತಿಗೆ. ಇಲ್ಲಿದೆ ಅರ್ಧವಿರಾಮದ ಜಾಗ. ನಂತರ ಬರುವ ‘ಚರ್ಚಿಸಿ ನಿರ್ಧರಿಸಬೇಕು’ ಎಂಬುದು ಸ್ಥಿತಿಯ ವರ್ಣನೆ ಅಲ್ಲ, ಸಲಹೆ. ಅದಕ್ಕೆ ಅದರದೇ ವಾಕ್ಯದ ಗೌರವ ಸಿಗಲಿ. ನಾಟಕದ ಎರಡು ತುಂಡುಗಳಿಗೆ ಚಿಹ್ನೆಯೇ ಬೇಕಿಲ್ಲ, ಕನ್ನಡದ ವಾಕ್ಯರಚನೆಯೇ ಅವನ್ನು ಒಂದಾಗಿಸುತ್ತದೆ.

‘ಈ ವರ್ಷ ಸದಸ್ಯರ ಸಂಖ್ಯೆ ಹೆಚ್ಚಿದೆ, ಸಭಾಂಗಣದ ಬಾಡಿಗೆಯೂ ಹೆಚ್ಚಿದೆ; ವಾರ್ಷಿಕ ವಂತಿಗೆ ಮಾತ್ರ ಹಾಗೆಯೇ ಇದೆ. ಮುಂದಿನ ಮಹಾಸಭೆಯಲ್ಲಿ ಇದನ್ನು ಚರ್ಚಿಸಿ ನಿರ್ಧರಿಸಬೇಕು. ಯುವ ವಿಭಾಗದವರು ಆಡಿದ ನಾಟಕ ಜನಮೆಚ್ಚುಗೆ ಪಡೆಯಿತು.’

ಪದಗಳನ್ನು ಹೆಚ್ಚೇನೂ ಬದಲಿಸಲಿಲ್ಲ. ಆದರೂ ಖಜಾಂಚಿಯ ಕಳವಳ ಈಗ ಎದ್ದು ಕಾಣುತ್ತದೆ. ಒಂದೇ ಒಂದು ಅರ್ಧವಿರಾಮ ಇರುವುದರಿಂದ ಅದರ ತೂಕವೂ ಉಳಿದಿದೆ. ಪ್ಯಾರಾ ತುಂಬ ಅರ್ಧವಿರಾಮ ಚೆಲ್ಲಿದರೆ ಅಲ್ಪವಿರಾಮದ ಕಾಟ ಹೋ‍ಗಿ ಇನ್ನೊಂದು ಕಾಟ ಬಂದಂತೆ.

ಸ್ವತಂತ್ರ ವಾಕ್ಯಗಳ ಹೊರಗೆ ಈ ಚಿಹ್ನೆಗೆ ಒಂದು ಚಿಕ್ಕ ಕೆಲಸವಿದೆ. ಪಟ್ಟಿಯ ಒಳಗೇ ಅಲ್ಪವಿರಾಮಗಳಿದ್ದಾಗ ಪಟ್ಟಿಯ ಭಾಗಗಳನ್ನು ಅದು ಬೇರ್ಪಡಿಸುತ್ತದೆ: ‘ಅಂಧೇರಿಯಿಂದ ಅಧ್ಯಕ್ಷರು, ಕೋಶಾಧಿಕಾರಿ; ಠಾಣೆಯಿಂದ ಕಾರ್ಯದರ್ಶಿ; ಡೊಂಬಿವಲಿಯಿಂದ ಮೂವರು ಸದಸ್ಯರು ಬಂದಿದ್ದರು.’ ಪಟ್ಟಿಯನ್ನು ಆರಂಭಿಸುವ ಜಾಗಕ್ಕೆ ಮಾತ್ರ ಅರ್ಧವಿರಾಮ ಬರದು. ‘ಹಾಜರಿದ್ದವರು’ ಎಂದ ಮೇಲೆ ಬರಬೇಕಾದದ್ದು ಎರಡು ಚುಕ್ಕೆಗಳ ವಿವರಣಾ ಚಿಹ್ನೆ.

ಕೊನೆಯದಾಗಿ ಬೆರಳಚ್ಚಿನ ಮಾತು, ಏಕೆಂದರೆ ಕನ್ನಡ ಬರಹದಿಂದ ಅರ್ಧವಿರಾಮ ಮಾಯವಾಗಲು ಅದೂ ಒಂದು ಕಾರಣವೆಂದು ನನಗೆ ಅನಿಸುತ್ತದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಇಂಗ್ಲಿಷ್‌ನ ಅರ್ಧವಿರಾಮದ ಕೀಲಿ ಒತ್ತಿದರೆ ‘ಚ’ ಮೂಡುತ್ತದೆ, ಶಿಫ್ಟ್ ಹಿಡಿದು ಒತ್ತಿದರೆ ‘ಛ’. ಚಿಹ್ನೆ ಬೇಕೆಂದರೆ ಇಂಗ್ಲಿಷ್‌ಗೆ ಬದಲಿಸಿ ಒತ್ತಿ ಮತ್ತೆ ಕನ್ನಡಕ್ಕೆ ಮರಳುವುದು ಸಾಮಾನ್ಯ ರೂಢಿ. ಅಷ್ಟು ಹೊತ್ತಿಗೆ ಕೈ ತಾನಾಗಿ ಅಲ್ಪವಿರಾಮ ಒತ್ತಿರುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ವಿನ್ಯಾಸದಲ್ಲಿ ಈ ತೊಂದರೆಯಿಲ್ಲ, ಅಲ್ಲಿ ಅರ್ಧವಿರಾಮದ ಕೀಲಿ ತನ್ನ ಜಾಗದಲ್ಲೇ ಇದೆ. ಮೊಬೈಲಿನಲ್ಲಿ ಚಿಹ್ನೆಗಳ ಪುಟ ತೆರೆದರೆ ಸಿಗುತ್ತದೆ. ಟೈಪಿಸುವಾಗ ಹಿಂದಿನ ಪದಕ್ಕೆ ಅಂಟಿಸಿ ಹಾಕಿ, ಮುಂದೆ ಒಂದು ಜಾಗ ಬಿಡಿ. ಹಿಂದೆ ಜಾಗ ಬಿಟ್ಟರೆ ಅದು ಮುಂದಿನ ಸಾಲಿನ ತಲೆಯಲ್ಲಿ ಹೋಗಿ ಕೂರುವ ಅಪಾಯವಿದೆ.

ಇನ್‌ಸ್ಕ್ರಿಪ್ಟ್ ಬಳಸುವವರಿಗೆ ನಾನು ಹೇಳುವ ಉಪಾಯ ಬೇರೆಯವರಿಗೂ ಒಳ್ಳೆಯದೇ. ಮೊದಲ ಕರಡಿನಲ್ಲಿ ಅರ್ಧವಿರಾಮದ ಯೋಚನೆಯೇ ಬೇಡ. ಕ್ರಿಯಾಪದ ಮುಗಿದಲ್ಲೆಲ್ಲ ಪೂರ್ಣವಿರಾಮ ಹಾಕುತ್ತಾ ಹೋಗಿ. ಬರೆದು ಮುಗಿದ ಮೇಲೆ ದನಿ ಎತ್ತಿ ಓದಿ. ಯಾವ ಪೂರ್ಣವಿರಾಮದ ಬಳಿ ದನಿ ಪೂರ್ತಿ ಇಳಿಯಲು ಒಪ್ಪದೆ ಮುಂದಿನ ವಾಕ್ಯದ ಕಡೆಗೆ ಚಾಚುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ, ಆಮೇಲೆ ಒಮ್ಮೆ ಕೂತು ಆ ಗುರುತುಗಳನ್ನಷ್ಟೇ ಅರ್ಧವಿರಾಮ ಮಾಡಿ.